ಲ್ಯಾಬುಗಳ ‘ಗಂಡಸರ ಹಾರ್ಮೋನ್ ಪ್ಯಾಕೇಜ್’: ದುಡ್ಡು ಕೊಡುವ ಮುನ್ನ ನೋಡಬೇಕಾದದ್ದು

ಮೈಸೂರಿನಲ್ಲೂ ಮಂಡ್ಯದಲ್ಲೂ ರಕ್ತಪರೀಕ್ಷೆಯ ಲ್ಯಾಬುಗಳು ಗಂಡಸರ ಹಾರ್ಮೋನ್ ಪ್ಯಾಕೇಜ್, ನಲವತ್ತರ ನಂತರದ ಚೆಕಪ್ ಎಂಬಂಥ ಹೆಸರುಗಳಲ್ಲಿ ಒಂದು ಕಂತೆ ಪರೀಕ್ಷೆಗಳನ್ನು ಮಾರುತ್ತಿವೆ. ಫೋನಿನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ವರದಿ ವಾಟ್ಸಾಪಿಗೆ ಬರುತ್ತದೆ. ಯಾರ ಎದುರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ ಎನ್ನುವುದೇ ಇದರ ದೊಡ್ಡ ಆಕರ್ಷಣೆ. ಕೊಳ್ಳುವ ಬಹಳಷ್ಟು ಮಂದಿಯ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ನಿಮಿರುವಿಕೆ ಮೊದಲಿನಂತಿಲ್ಲ, ಹಾರ್ಮೋನ್ ಇಳಿದಿದೆಯೇ? ಆ ಪ್ರಶ್ನೆಗೆ ಈ ಕಂತೆ ಎಷ್ಟು ಉತ್ತರ ಕೊಡುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ. ಯಾವುದೇ ಒಂದು ಲ್ಯಾಬಿನ ಹೆಸರು ಹಿಡಿದಿಲ್ಲ. ಒಳಗಿರುವ ಸರಕು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಬಗೆಯದು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಲವತ್ತು ದಾಟಿದವರಲ್ಲಿ ನಿಮಿರುವಿಕೆಯ ತೊಂದರೆಗೆ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನಿನ ಕೊರತೆಯೊಂದೇ ಕಾರಣವಾಗಿರುವುದು ಕಡಿಮೆ. ಹೆಚ್ಚಿನ ಸಲ ತೊಂದರೆ ಇರುವುದು ರಕ್ತನಾಳಗಳಲ್ಲಿ. ಅಂದರೆ ಸಕ್ಕರೆ, ಬಿ.ಪಿ., ಕೊಬ್ಬು, ಬೀಡಿ–ಸಿಗರೇಟು. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನ ಗಂಡಸರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಲಕ್ಷಣಗಳೂ ಕಡಿಮೆ ಹಾರ್ಮೋನೂ ಒಟ್ಟಿಗೆ ಕಂಡದ್ದು ಶೇ 2.1ರಷ್ಟು ಜನರಲ್ಲಿ ಮಾತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ಅಧ್ಯಯನದಲ್ಲಿ 40ರಿಂದ 70ರ ಗಂಡಸರಲ್ಲಿ ಶೇ 52 ಮಂದಿಗೆ ಒಂದಲ್ಲ ಒಂದು ಮಟ್ಟದ ನಿಮಿರುವಿಕೆಯ ತೊಂದರೆ ಇತ್ತು. ಈ ಎರಡು ಅಂಕಿಗಳ ನಡುವಿನ ಅಂತರವೇ ಪ್ಯಾಕೇಜಿನ ಕೊರತೆಯನ್ನು ಹೇಳುತ್ತದೆ. ಹಾಗಾಗಿ ಕಂತೆಯನ್ನು ಇಡಿಯಾಗಿ ಕೊಳ್ಳಬೇಡಿ, ಬೇಕಾದ ಪರೀಕ್ಷೆಗಳನ್ನು ಬಿಡಿಯಾಗಿ ಆರಿಸಿ ಬರೆಸಿ. ಯಾವುದು ಬೇಕು, ಯಾವುದು ಬೇಡ ಎನ್ನುವುದು ಮುಂದೆ ಬರುತ್ತದೆ.

ರಕ್ತ ತೆಗೆಯುವ ಹೊತ್ತು

ಈ ಸೇವೆಯಲ್ಲಿ ಅತಿ ಹೆಚ್ಚು ಕೆಡುವುದು ಇದೇ. ಟೆಸ್ಟೋಸ್ಟೆರಾನ್ ಬೆಳಗಿನ ಹೊತ್ತು ಏರಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಮೂವತ್ತು–ನಲವತ್ತರ ಪ್ರಾಯದವರಲ್ಲಿ ಬೆಳಿಗ್ಗೆ 8ಕ್ಕೂ ಸಂಜೆ 4ಕ್ಕೂ ಶೇ 20ರಿಂದ 25ರಷ್ಟು ವ್ಯತ್ಯಾಸ ಬರುತ್ತದೆ. ಎಪ್ಪತ್ತರ ಹೊತ್ತಿಗೆ ಆ ವ್ಯತ್ಯಾಸ ಶೇ 10ಕ್ಕೆ ಇಳಿಯುತ್ತದೆ. ಬೆಳಿಗ್ಗೆ 360 ನ್ಯಾನೋಗ್ರಾಂ ಇರುವವನ ರಕ್ತವನ್ನು ಮಧ್ಯಾಹ್ನ ಊಟವಾದ ಮೇಲೆ ತೆಗೆದರೆ 280 ಎಂದು ಬರಬಹುದು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಕಡಿಮೆ’ ಎಂದೂ ಇರಬಹುದು. ಅಲ್ಲಿ ಕಾಯಿಲೆ ಏನೂ ಇಲ್ಲ, ಗಡಿಯಾರ ತಪ್ಪಿದೆ ಅಷ್ಟೆ.

ಆದ್ದರಿಂದ ಬುಕ್ ಮಾಡುವಾಗ 7ರಿಂದ 9ರ ಒಳಗಿನ ಸಮಯವನ್ನೇ ಕೇಳಿ. ‘ಹನ್ನೊಂದಕ್ಕೆ ನಿಮ್ಮ ಏರಿಯಾಗೆ ಬರ್ತೀವಿ ಸಾರ್’ ಎಂದರೆ ಇನ್ನೊಂದು ದಿನಕ್ಕೆ ಹಾಕಿಸಿಕೊಳ್ಳಿ, ಇಲ್ಲವೇ ನೀವೇ ಲ್ಯಾಬಿಗೆ ಹೋಗಿ. ಖಾಲಿ ಹೊಟ್ಟೆಯಲ್ಲಿರಬೇಕು. ನೀರು ಕುಡಿಯಬಹುದು, ಹಾಲು–ಸಕ್ಕರೆ ಹಾಕಿದ ಫಿಲ್ಟರ್ ಕಾಫಿ ಬೇಡ. ಸಕ್ಕರೆ ಹೊಟ್ಟೆಗೆ ಬಿದ್ದ ಮೇಲೆ ಟೆಸ್ಟೋಸ್ಟೆರಾನ್ ಕೆಲವು ಗಂಟೆಗಳ ಕಾಲ ಇಳಿದಿರುತ್ತದೆ.

ಕೂರ್ಗಳ್ಳಿ, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ನಿದ್ದೆಗೆಟ್ಟು ದುಡಿಯುವವರು ಒಂದು ಮಾತು ನೆನಪಿಡಬೇಕು. ಹಾರ್ಮೋನು ಬೆಳಕಿಗಿಂತ ನಿದ್ದೆಯ ಜಾಡನ್ನೇ ಹೆಚ್ಚು ಹಿಡಿಯುತ್ತದೆ. ಪಾಳಿ ಮುಗಿಸಿ ನೇರವಾಗಿ ಲ್ಯಾಬಿಗೆ ಬಂದು ತೋಳು ಚಾಚಿದರೆ ಅಂಕಿ ತಪ್ಪುತ್ತದೆ. ಪಾಳಿ ಬದಲಾಗಿ ಮೂರ್ನಾಲ್ಕು ರಾತ್ರಿ ಸರಿಯಾಗಿ ಮಲಗಿದ ಮೇಲೆ ಕೊಡಿ. ಅದು ಆಗದಿದ್ದರೆ ನಿದ್ದೆ ಮಾಡಿ ಎದ್ದ ಒಂದೆರಡು ಗಂಟೆಯೊಳಗೆ ಕೊಡಿ, ಆ ವಿಷಯವನ್ನು ಡಾಕ್ಟರಿಗೆ ತಿಳಿಸಿ. ಜ್ವರ, ಡೆಂಗಿ, ಆಪರೇಷನ್ ಆಗಿ ಸುಧಾರಿಸಿಕೊಳ್ಳುತ್ತಿರುವವರು ಪೂರ್ತಿ ಗುಣವಾಗುವವರೆಗೂ ಈ ಪರೀಕ್ಷೆಗೆ ಹೋಗಬಾರದು. ಕಾಯಿಲೆ ಬಿದ್ದ ಮೈಯಲ್ಲಿ ಟೆಸ್ಟೋಸ್ಟೆರಾನ್ ತಾನಾಗಿ ಕೆಳಗಿಳಿದಿರುತ್ತದೆ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುವವರು ಈಗ ಬಹಳ ಜನ. ಹಲವು ಯಂತ್ರಗಳ ಪರೀಕ್ಷಾ ವಿಧಾನವೇ ಬಯೋಟಿನ್ ಮೇಲೆ ನಿಂತಿದೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅಂಥ ಯಂತ್ರದಲ್ಲಿ ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚಾಗಿ, ಥೈರಾಯ್ಡಿನ ಟಿಎಸ್‌ಎಚ್ ಕಡಿಮೆಯಾಗಿ ಕಾಣುತ್ತದೆ. ಮೂರು ದಿನ ಮುಂಚೆ ನಿಲ್ಲಿಸಿದರೆ ಸಾಕು. ರಕ್ತ ತೆಗೆಯಲು ಬರುವ ಹುಡುಗರು ಸಾಮಾನ್ಯವಾಗಿ ಇದನ್ನು ಕೇಳುವುದಿಲ್ಲ. ನೀವೇ ಹೇಳಬೇಕು.

ಟ್ಯೂಬುಗಳತ್ತಲೂ ಒಂದು ಕಣ್ಣಿರಲಿ. ಹಾರ್ಮೋನಿಗೆ ಕೆಂಪು ಅಥವಾ ಹಳದಿ ಮುಚ್ಚಳ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ, ಖಾಲಿ ಹೊಟ್ಟೆಯ ಸಕ್ಕರೆಗೆ ಬೂದು ಮುಚ್ಚಳ. ಬೂದು ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ, ರಕ್ತಕಣಗಳು ಸಕ್ಕರೆಯನ್ನು ತಿಂದುಹಾಕದಂತೆ ತಡೆಯುತ್ತದೆ. ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ ತೆಗೆದ ರಕ್ತ ಮೈಸೂರಿಗೋ ಬೆಂಗಳೂರಿಗೋ ಹೋಗುವುದಾದರೆ ಇದು ಸಣ್ಣ ವಿಷಯವಲ್ಲ. ಫ್ಲೋರೈಡ್ ಇಲ್ಲದ, ಕಣ ಬೇರ್ಪಡಿಸದ ರಕ್ತದಲ್ಲಿ ಸಕ್ಕರೆ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತ ಹೋಗುತ್ತದೆ, ಸಕ್ಕರೆ ಕಾಯಿಲೆ ಇದ್ದವನೂ ನಾರ್ಮಲ್ ಆಗಿ ಕಾಣಬಹುದು. ಲ್ಯಾಬುಗಳ ಗುಣಮಟ್ಟಕ್ಕೆ ಕೊಡುವ, ಬೋರ್ಡಿನ ಮೇಲಿನ ಎನ್‌ಎಬಿಎಲ್ ಮುದ್ರೆ ನಿಮ್ಮೂರಿನ ಕಲೆಕ್ಷನ್ ಸೆಂಟರಿಗೆ ಸಂಬಂಧಿಸಿದ್ದೋ, ಪರೀಕ್ಷೆ ನಡೆಯುವ ಲ್ಯಾಬಿಗೆ ಸಂಬಂಧಿಸಿದ್ದೋ ಎಂದು ಕೇಳಿ ತಿಳಿದುಕೊಳ್ಳಿ.

ವರದಿಯ ಅಂಕಿಗಳು

ಒಟ್ಟು ಟೆಸ್ಟೋಸ್ಟೆರಾನ್ 300 ನ್ಯಾನೋಗ್ರಾಂಗಿಂತ (ಒಂದು ಡೆಸಿಲೀಟರಿಗೆ) ಕಡಿಮೆ ಇದ್ದರೆ ಕೊರತೆ ಎಂದು ಅಮೆರಿಕದ ಯುರಾಲಜಿ ಸಂಘ ಹೇಳುತ್ತದೆ. ಅಲ್ಲಿನ ಎಂಡೋಕ್ರೈನ್ ಸೊಸೈಟಿ ಒಪ್ಪುವ ಕೆಳಮಿತಿ 264. ಯುರೋಪಿನ ಯುರಾಲಜಿ ಸಂಘದವರ ಗೆರೆ ಲೀಟರಿಗೆ 12 ನ್ಯಾನೋಮೋಲ್, ಅಂದರೆ ಸುಮಾರು 346. ತಜ್ಞರಲ್ಲೇ ಇಷ್ಟು ವ್ಯತ್ಯಾಸವಿರುವಾಗ 310 ಬಂದವರು ಹೆದರಬೇಕಿಲ್ಲ, 290 ಬಂದವರು ಇಂಜೆಕ್ಷನ್ನಿಗೆ ಓಡಬೇಕಿಲ್ಲ. ವರದಿ ನ್ಯಾನೋಮೋಲ್‌ನಲ್ಲಿದ್ದರೆ 28.8ರಿಂದ ಗುಣಿಸಿ ನೋಡಿ.

ಒಂದೇ ಸಲ ಕಡಿಮೆ ಬಂದರೆ ಅದನ್ನು ಕೊರತೆ ಎನ್ನುವ ಹಾಗಿಲ್ಲ. ಮೊದಲ ಸಲ ಕಡಿಮೆ ಬಂದವರಲ್ಲಿ ಶೇ 30ರಷ್ಟು ಜನರಿಗೆ ಎರಡನೇ ಸಲ ಸರಿಯಾಗಿಯೇ ಬರುತ್ತದೆ. ಬೇರೆ ದಿನ, ಅದೇ ಹೊತ್ತಿಗೆ, ಸಾಧ್ಯವಾದಷ್ಟೂ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. ಪ್ಯಾಕೇಜಿನಲ್ಲಿ ಈ ಎರಡನೇ ಪರೀಕ್ಷೆ ಸೇರಿರುವುದೇ ಇಲ್ಲ. ಅದರ ಅತಿ ದೊಡ್ಡ ದೋಷ ಇದೇ ಎಂದು ನಮ್ಮ ಅಭಿಪ್ರಾಯ.

‘ಫ್ರೀ ಟೆಸ್ಟೋಸ್ಟೆರಾನ್’ ಎಂದು ಹೆಚ್ಚುವರಿ ದುಡ್ಡು ತೆಗೆದುಕೊಳ್ಳುವ ಪರೀಕ್ಷೆಯ ಬಗ್ಗೆ ಎಚ್ಚರ ಬೇಕು. ರಕ್ತದಲ್ಲಿರುವ ಟೆಸ್ಟೋಸ್ಟೆರಾನಿನಲ್ಲಿ ಶೇ 2ರಷ್ಟು ಮಾತ್ರ ಬಿಡಿಯಾಗಿ ಓಡಾಡುತ್ತದೆ. ಉಳಿದದ್ದು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೂ ಅಲ್ಬುಮಿನ್‌ಗೂ ಅಂಟಿಕೊಂಡಿರುತ್ತದೆ. ಆ ಶೇ 2ನ್ನು ಯಂತ್ರದಲ್ಲಿ ನೇರವಾಗಿ ಅಳೆಯುವ ಅಗ್ಗದ ವಿಧಾನ ನಂಬಿಕೆಗೆ ಯೋಗ್ಯವಲ್ಲ. ಅದರ ಬದಲು ಎಸ್‌ಎಚ್‌ಬಿಜಿ, ಅಲ್ಬುಮಿನ್ ಎರಡನ್ನೂ ಮಾಡಿಸಿದರೆ ಡಾಕ್ಟರೇ ಸೂತ್ರ ಹಾಕಿ ಬಿಡಿ ಹಾರ್ಮೋನನ್ನು ಲೆಕ್ಕ ಹಾಕುತ್ತಾರೆ. ಇದು ಎಲ್ಲರಿಗೂ ಬೇಕಿಲ್ಲ. ಒಟ್ಟು ಅಂಕಿ ಗೆರೆಯ ಆಸುಪಾಸಿನಲ್ಲಿ ನಿಂತವರಿಗೆ, ಹೊಟ್ಟೆ ಬಂದವರಿಗೆ, ಸಕ್ಕರೆ ಕಾಯಿಲೆಯವರಿಗೆ ಬೇಕು. ಬೊಜ್ಜು ಇದ್ದವರಲ್ಲಿ ಎಸ್‌ಎಚ್‌ಬಿಜಿ ಇಳಿದಿರುತ್ತದೆ, ಅದರಿಂದ ಒಟ್ಟು ಅಂಕಿ ಕಡಿಮೆ ಕಂಡರೂ ಬಿಡಿ ಹಾರ್ಮೋನ್ ಸರಿಯಾಗಿಯೇ ಇರಬಹುದು. ವಯಸ್ಸಾದವರಲ್ಲಿ, ಲಿವರ್ ತೊಂದರೆ ಇದ್ದವರಲ್ಲಿ, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಇದು ತಿರುವುಮುರುವು.

ಎರಡು ಸಲವೂ ಕಡಿಮೆ ಬಂದರೆ ಆಗ ಎಲ್‌ಎಚ್ ಮಾಡಿಸಬೇಕು. ಟೆಸ್ಟೋಸ್ಟೆರಾನ್ ತಯಾರಿಸು ಎಂದು ಬೀಜಗಳಿಗೆ ಹೇಳುವ, ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಇದು. ಎಲ್‌ಎಚ್ ಹೆಚ್ಚಿದ್ದರೆ ತೊಂದರೆ ಬೀಜದಲ್ಲಿ. ಕಡಿಮೆಯೋ ಸಾಧಾರಣವೋ ಇದ್ದರೆ ತಲೆಯೊಳಗಿನ ಪಿಟ್ಯುಟರಿಯ ಕಡೆ ನೋಡಬೇಕು, ಅದೇ ಗ್ರಂಥಿಯ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಪರೀಕ್ಷೆ ಸೇರಿಸಬೇಕು. ನಮ್ಮ ಕಡೆ ಇಲ್ಲೊಂದು ಬಲೆ ಇದೆ. ಮೆಡಿಕಲ್ ಸ್ಟೋರಿನಲ್ಲಿ ಗ್ಯಾಸಿಗೆಂದು ಕೊಡುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಪ್ರೊಲ್ಯಾಕ್ಟಿನ್ ಏರಿದರೆ ಆಸಕ್ತಿಯೂ ಟೆಸ್ಟೋಸ್ಟೆರಾನೂ ಕುಗ್ಗುತ್ತವೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಅಭ್ಯಾಸಬಲದಿಂದ ಅದನ್ನು ನುಂಗುವವರು ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿ. ಡಾಕ್ಟರನ್ನು ಕೇಳಿ ಬದಲಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸಿ, ಪಿಟ್ಯುಟರಿ ನೋಡಲು ಮಾಡಿಸುವ ಎಂಆರ್‌ಐ ಖರ್ಚು ಉಳಿದರೂ ಉಳಿಯಬಹುದು.

ಮೊದಲು ಮಾಡಿಸಬೇಕಾದ ಪರೀಕ್ಷೆಗಳು

ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4 ಮಿಲಿಮೀಟರ್. ಒಂದೇ ಕೊಬ್ಬು, ಒಂದೇ ಸಕ್ಕರೆ ಎರಡನ್ನೂ ಕೆಡಿಸುತ್ತಿದ್ದರೆ ಸಣ್ಣ ನಾಳ ಮೊದಲು ಸೊರಗುತ್ತದೆ. ನಿಮಿರುವಿಕೆ ಕುಂದಿದ ಎರಡರಿಂದ ಐದು ವರ್ಷದಲ್ಲಿ ಎದೆನೋವು ಕಾಣಿಸಿಕೊಳ್ಳುವವರು ಇರುವುದು ಇದೇ ಕಾರಣಕ್ಕೆ. ಕ್ರಮೇಣ ಶುರುವಾಗಿ, ಬೆಳಗಿನ ಜಾವದ ನಿಮಿರುವಿಕೆಯೂ ನಿಂತಿದ್ದರೆ ಮೊದಲು ಬಿ.ಪಿ. ನೋಡಿಸಬೇಕು, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಕೊಬ್ಬಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮಾಡಿಸಬೇಕು. ಇದರ ಜೊತೆಗೇ ಬೆಳಗಿನ ಒಟ್ಟು ಟೆಸ್ಟೋಸ್ಟೆರಾನ್, ಟಿಎಸ್‌ಎಚ್ ಸೇರಿಸಿದರೆ ಮೊದಲ ಸುತ್ತು ಮುಗಿಯಿತು. ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅದರ ಹೊಸಿಲು. ಪ್ಯಾಕೇಜಿನಲ್ಲಿ ತುರುಕಿರುವ ವಿಟಮಿನ್ನುಗಳು, ಎಸ್ಟ್ರಡಯಾಲ್, ಡಿಎಚ್‌ಇಎ ಎಂಬ ಬೇರೆ ಹಾರ್ಮೋನುಗಳು ಮೊದಲ ಸುತ್ತಿಗೆ ಬೇಡ.

ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಲ್ಲಿ ಜನರಲ್ ಮೆಡಿಸಿನ್ ವಿಭಾಗದಿಂದ ಶುರುಮಾಡಬಹುದು. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಾರಣ ಬಿಡಿಸಿ ಹೇಳಬೇಕಾಗಿಲ್ಲ, ‘ಬಿ.ಪಿ.–ಶುಗರ್ ತೋರಿಸಬೇಕು’ ಎಂದರೆ ಸಾಕು. ಉಳಿದದ್ದನ್ನು ಡಾಕ್ಟರ ಮುಂದೆ ಹೇಳಿ.

ರಕ್ತಪರೀಕ್ಷೆಗಿಂತ ಹೆಚ್ಚು ಹೇಳುವ, ದುಡ್ಡು ಬೇಡದ ಸಾಧನ ಒಂದಿದೆ: ನಿಮಿರುವಿಕೆ ಹೇಗಿದೆ ಎಂದು ಕೇಳುವ ಐದು ಪ್ರಶ್ನೆಗಳ ಐಐಇಎಫ್–5 ಪಟ್ಟಿ. ಅಂಕ 5ರಿಂದ 25. 22 ಅಥವಾ ಹೆಚ್ಚಿದ್ದರೆ ತೊಂದರೆಯಿಲ್ಲ, 17ರಿಂದ 21 ಅಲ್ಪ, 12ರಿಂದ 16 ಅಲ್ಪ–ಮಧ್ಯಮ, 8ರಿಂದ 11 ಮಧ್ಯಮ, 7 ಅಥವಾ ಕಡಿಮೆ ಇದ್ದರೆ ತೀವ್ರ. ಚಿಕಿತ್ಸೆಗೆ ಮುಂಚೆ ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ಬರೆದಿಟ್ಟರೆ ಮದ್ದು ಕೆಲಸ ಮಾಡಿದೆಯೋ ಇಲ್ಲವೋ ಅಂದಾಜಿನ ಮಾತಾಗುವುದಿಲ್ಲ. ತೊಂದರೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಬೆಳಗಿನ ಜಾವ ಸರಿಯಾಗಿದ್ದು ಹೆಂಡತಿಯ ಜೊತೆ ಇರುವಾಗ ಮಾತ್ರ ಸೋಲುತ್ತಿದ್ದರೆ, ಮನಸ್ಸಿನ ಒತ್ತಡದ ಪಾಲು ದೊಡ್ಡದು. ಆಗ ಹಾರ್ಮೋನ್ ಪ್ಯಾಕೇಜ್ ಬೇಕೇ ಇಲ್ಲ, ಮಾತಾಡಿ ಬಗೆಹರಿಸುವ ಸಲಹೆಗಾರರು ಬೇಕು.

ವರದಿಯ ಬೆನ್ನಿಗೆ ಬರುವ ಮಾರಾಟ

ವರದಿ ಕೈಗೆ ಬಂದ ಮೇಲೆ ಮೂರು ಬಗೆಯ ಸರಕು ಎದುರಾಗುತ್ತದೆ.

ಮೊದಲನೆಯದು ‘ಬೂಸ್ಟರ್’ ಪುಡಿ, ಲೇಹ್ಯ, ಕ್ಯಾಪ್ಸೂಲು. ಅಶ್ವಗಂಧದಿಂದ ಟೆಸ್ಟೋಸ್ಟೆರಾನ್ ಸ್ವಲ್ಪ ಏರಿದ್ದನ್ನು ಸಣ್ಣ ಅಧ್ಯಯನಗಳು ತೋರಿಸಿವೆ, ಲಿವರಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಹೆಸರು ಕೇಳದ ಕಂಪನಿಯ ‘ಗಿಡಮೂಲಿಕೆ’ ಮಾತ್ರೆ ಅರ್ಧ ಗಂಟೆಯಲ್ಲೇ ಕೆಲಸ ಮಾಡಿದರೆ ಅದರಲ್ಲಿ ಹೇಳದೆ ಸೇರಿಸಿದ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಮದ್ದು) ಇರುವ ಸಾಧ್ಯತೆಯೇ ಹೆಚ್ಚು. ಬಸ್ ನಿಲ್ದಾಣದ ಗೋಡೆಗಳಲ್ಲಿ, ಹೆದ್ದಾರಿಯ ಬದಿಯಲ್ಲಿ ‘ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ’ ಎಂದು ಬರೆಸುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಕಾನೂನು ಮುರಿದು ಕರೆಯುವವರ ಬಳಿ ಹೋಗುವ ಅಗತ್ಯ ಯಾರಿಗೂ ಇಲ್ಲ.

ಎರಡನೆಯದು ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಎರಡು ಬೆಳಗಿನ ಪರೀಕ್ಷೆಯಲ್ಲೂ ಕಡಿಮೆ ಬಂದು, ಆಸಕ್ತಿ ಕುಗ್ಗಿದಂಥ ಲಕ್ಷಣಗಳೂ ಇದ್ದರೆ ಇದು ಸರಿಯಾದ ಮದ್ದು. ಅಂಥವರಿಗೆ ಬೇಡವೆನ್ನುವುದೂ ತಪ್ಪು. ಆದರೆ ಹಾರ್ಮೋನ್ ಸರಿಯಿದ್ದವನಿಗೆ ಇದರಿಂದ ನಿಮಿರುವಿಕೆ ಸುಧಾರಿಸುವುದಿಲ್ಲ. ಹೊರಗಿನಿಂದ ಕೊಟ್ಟರೆ ಬೀಜಗಳು ತಮ್ಮ ಕೆಲಸ ನಿಲ್ಲಿಸುತ್ತವೆ, ವೀರ್ಯಾಣು ಕುಸಿಯುತ್ತದೆ, ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಮಕ್ಕಳು ಬೇಕೆನ್ನುವವರು ಇದನ್ನು ಮುಟ್ಟಬಾರದು. ಶುರುಮಾಡುವ ಮೊದಲು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು), ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ನೋಡಿರಲೇಬೇಕು. ನಡುವೆ ಹೆಮಟೋಕ್ರಿಟ್ 54 ದಾಟಿದರೆ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ, ಮದ್ದು ನಿಲ್ಲಿಸಬೇಕು. ಎಣ್ಣೆಯಲ್ಲಿ ಕರಗಿಸಿ ಕೊಡುವ ಟೆಸ್ಟೋಸ್ಟೆರಾನ್ ಅಂಡೆಕನೋಯೇಟ್ 1000 ಮಿಲಿಗ್ರಾಂ ಇಂಜೆಕ್ಷನ್ನನ್ನು ಸೊಂಟದ ಸ್ನಾಯುವಿಗೆ ಎರಡು ನಿಮಿಷ ಹಿಡಿದು ನಿಧಾನವಾಗಿ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಸಿರುಗಟ್ಟುವಿಕೆ ಬರುವುದುಂಟು. ಚುಚ್ಚಿ ತಕ್ಷಣ ಕಳಿಸುವ ಕಡೆ ಹಾಕಿಸಿಕೊಳ್ಳಬೇಡಿ. 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನ ಐದು ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಜೆಲ್ಲನ್ನು ನೋಡಿತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿತು.

ಮೂರನೆಯದು ಸಿಲ್ಡೆನಾಫಿಲ್, ಟಡಲಾಫಿಲ್ ಮಾತ್ರೆ. ಇವು ನಿಜವಾಗಿ ಕೆಲಸ ಮಾಡುತ್ತವೆ. ‘ನುಂಗಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಅನೇಕರು ನುಂಗಿದ ರೀತಿಯೇ ತಪ್ಪಾಗಿರುತ್ತದೆ. ಸಿಲ್ಡೆನಾಫಿಲ್ 50 ಮಿಲಿಗ್ರಾಂನಿಂದ ಶುರು, ಒಂದು ಗಂಟೆ ಮೊದಲು, ಹೊಟ್ಟೆ ಹಗುರವಾಗಿದ್ದಾಗ. ಮುದ್ದೆ, ನಾಟಿಕೋಳಿ ಸಾರು, ಚಾಪ್ಸು ಎಂದು ಬಾಡೂಟ ಮುಗಿಸಿ ನುಂಗಿದರೆ ಮದ್ದು ರಕ್ತಕ್ಕೆ ಏರುವುದು ಇನ್ನೂ ಒಂದು ಗಂಟೆ ತಡ, ಏರುವ ಮಟ್ಟವೂ ಶೇ 29ರಷ್ಟು ಕಡಿಮೆ. ಮೇಲೆ ಎರಡು ಪೆಗ್ ಬಿದ್ದರೆ ಬಿ.ಪಿ. ಇಳಿದು ತಲೆಸುತ್ತುತ್ತದೆ. ಮಾತ್ರೆ ತಾನಾಗಿ ನಿಮಿರಿಸುವುದಿಲ್ಲ, ಆಸಕ್ತಿ ಮತ್ತು ಸ್ಪರ್ಶದಿಂದ ನಾಳಗಳಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡಿನ ಕೆಲಸವನ್ನು ಹಿಡಿದಿಡುತ್ತದೆ, ಅಷ್ಟೆ. ಒಂದು ಸಲಕ್ಕೇ ಕೈಬಿಡಬೇಡಿ. ಡಾಕ್ಟರು ಹೇಳಿದ ಸರಿಯಾದ ಪ್ರಮಾಣದಲ್ಲಿ ಆರೆಂಟು ಸಲ ನೋಡಿದ ಮೇಲೆಯೇ ಕೆಲಸ ಮಾಡಲಿಲ್ಲ ಎನ್ನಬೇಕು. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಟಡಲಾಫಿಲ್‌ಗೆ ಊಟದ ಅಡ್ಡಿಯಿಲ್ಲ, ಪ್ರಭಾವ 36 ಗಂಟೆಯವರೆಗೆ ಇರುತ್ತದೆ. 5 ಮಿಲಿಗ್ರಾಂ ದಿನಾ ತೆಗೆದುಕೊಳ್ಳುವ ಕ್ರಮವೂ ಇದೆ. ಗಡಿಯಾರ ನೋಡುತ್ತ ಮಲಗುವುದು ಬೇಡವೆನ್ನುವ ದಂಪತಿಗೆ ನಮ್ಮ ಆಯ್ಕೆ ಇದೇ.

ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು ಸಾಮಾನ್ಯ. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಾಚಿಕೊಂಡು ಬೆಳಗಿನವರೆಗೆ ಕಾದರೆ ಒಳಗಿನ ಅಂಗಾಂಶ ಸಾಯುತ್ತದೆ.

ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಸ್ಟೋರಿನವರು ಕೇಳದ ಪ್ರಶ್ನೆ ಒಂದಿದೆ: ಎದೆನೋವಿಗೆ ನಾಲಿಗೆ ಕೆಳಗಿಡುವ ಐಸೊಸಾರ್ಬೈಡ್ ಮಾತ್ರೆ, ಅಥವಾ ದಿನಾ ನುಂಗುವ ಯಾವುದೇ ನೈಟ್ರೇಟ್, ನಿಕೊರಾಂಡಿಲ್ ಇದೆಯೇ? ಇದ್ದರೆ ಸಿಲ್ಡೆನಾಫಿಲ್ಲೂ ಬೇಡ, ಟಡಲಾಫಿಲ್ಲೂ ಬೇಡ. ಎರಡೂ ಸೇರಿದರೆ ಬಿ.ಪಿ. ಪ್ರಾಣಕ್ಕೆ ಕುತ್ತು ಬರುವಷ್ಟು ಕುಸಿಯುತ್ತದೆ. ಮಾತ್ರೆ ತೆಗೆದುಕೊಂಡ ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಕಾಲಿಟ್ಟ ತಕ್ಷಣ ಅದನ್ನು ಹೇಳಿ. ಸಿಲ್ಡೆನಾಫಿಲ್ ಆದ ಮೇಲೆ 24 ಗಂಟೆ, ಟಡಲಾಫಿಲ್ ಆದ ಮೇಲೆ 48 ಗಂಟೆ ನೈಟ್ರೇಟ್ ಕೊಡುವ ಹಾಗಿಲ್ಲ. ಹೆಂಡತಿಗೂ ಈ ಮಾತು ಗೊತ್ತಿರಲಿ, ಆ ಹೊತ್ತಿನಲ್ಲಿ ಬಾಯಿಬಿಡುವ ಸ್ಥಿತಿಯಲ್ಲಿ ನೀವಿರದೆ ಇರಬಹುದು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್, ಬಿ.ಪಿ.ಗೆ ಪ್ರಜೋಸಿನ್ ತೆಗೆದುಕೊಳ್ಳುವವರು 25 ಮಿಲಿಗ್ರಾಂನಿಂದ, ಡಾಕ್ಟರ ಕಣ್ಣಳತೆಯಲ್ಲಿ ಶುರುಮಾಡಬೇಕು. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಲಾಗದವರು ಮಾತ್ರೆಗೆ ಮೊದಲು ಹೃದಯ ತೋರಿಸಬೇಕು.

ನಿಮಿರುವಿಕೆಗೆ ನಡಿಗೆ ಒಳ್ಳೆಯದೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಪ್ರಮಾಣ ಹೇಳುವವರು ಕಡಿಮೆ. ಮೈ ಬೆವರುವ ವೇಗದಲ್ಲಿ ದಿನಕ್ಕೆ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಆರು ತಿಂಗಳು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹರಟುತ್ತ ಹೋಗುವ ನಡಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಗೊರಕೆ ಹೊಡೆದು ನಡುರಾತ್ರಿ ಉಸಿರು ಕಟ್ಟಿ ಏಳುವವರು ನಿದ್ದೆಯ ಪರೀಕ್ಷೆ ಮಾಡಿಸದೆ ಹಾರ್ಮೋನಿನ ಬೆನ್ನು ಹತ್ತಿದರೆ ದುಡ್ಡು ದಂಡ.

ಡಾಕ್ಟರ ಬಳಿ ಹೋಗುವಾಗ ಪಿಡಿಎಫ್ ಒಂದನ್ನೇ ಒಯ್ಯಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್ಪುಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು, ಖಿನ್ನತೆಯ ಮಾತ್ರೆಗಳು, ಕೂದಲಿಗೆ ಕೊಡುವ ಫಿನಸ್ಟರೈಡ್ ಇವೂ ನಿಮಿರುವಿಕೆಯನ್ನು ಕುಗ್ಗಿಸುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಬದಲಿ ಮಾತ್ರೆ ಇದೆಯೇ ಎಂದು ಕೇಳಿ. ರಕ್ತ ತೆಗೆದ ಗಂಟೆ ವರದಿಯ ಮೇಲೆ ಅಚ್ಚಾಗಿರದಿದ್ದರೆ ಪೆನ್ನಿನಲ್ಲಿ ಪಕ್ಕದಲ್ಲೇ ಬರೆದಿಡಿ.